ವೆಬ್‌ಸೈಟಿನ ಪಾಲಿನ ಎಣ್ಣೆ

ಗೊತ್ತಿಲ್ಲ ಎಂದು ಹೇಳಲು ಬಾರದವರಲ್ಲಿ ಎರಡು ಬಗೆ. ಕೇಳಿದವರ ಮನಸ್ಸು ನೋಯಬಾರದೆಂದು ಹೇಳದವರು ಒಂದು ಬಗೆ; ಅವರು ಒಳ್ಳೆಯವರು. ಕೇಳಿದವರು ತನ್ನನ್ನು ದಡ್ಡ ಎಂದುಕೊಂಡಾರು ಎಂಬ ಹೆದರಿಕೆಗೆ ಹೇಳದವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಜಯಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಗಡಿಯಾರ ನೋಡಿ, ಹುಬ್ಬು ಗಂಟಿಕ್ಕಿ, ‘ಇನ್ನು ಹದಿನೈದು ನಿಮಿಷ’ ಎಂದುಬಿಡುತ್ತೇನೆ. ಒಮ್ಮೆ ಹಾಗೆ ಹೇಳಿಸಿಕೊಂಡ ಮುದುಕರೊಬ್ಬರು ಎರಡು ಗಂಟೆ ಕಾದು, ಕೊನೆಗೆ ನನ್ನ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿ ಬಂದು ನೀರು ಕೇಳಿ ಕುಡಿದರು. ಬೈಯಲಿಲ್ಲ. ಬೈದಿದ್ದರೆ ನಾನು ಅಂದೇ ಸುಧಾರಿಸುತ್ತಿದ್ದೆನೋ ಏನೋ.

ಇನ್‌ಸ್ಟಿಟ್ಯೂಟ್ ಎಂದೆನಲ್ಲ, ಅದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಹನ್ನೊಂದು ಮೆಷೀನು, ಅವುಗಳಲ್ಲಿ ಎರಡಕ್ಕೆ ರಿಬ್ಬನ್ ಸುತ್ತುವ ಚಕ್ರವಿಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಹುಡುಗರು ಮೆಷೀನಿನ ಸದ್ದು ಕೇಳಿದರೆ ನಗಲು ಶುರುಮಾಡಿದ್ದರಿಂದ ಎರಡು ಕಂಪ್ಯೂಟರು ತಂದು, ಬೋರ್ಡಿನ ಮೂಲೆಯಲ್ಲಿ ‘ಕಂಪ್ಯೂಟರ್ ಸಹ’ ಎಂದು ಬರೆಸಿದೆ. ಆ ‘ಸಹ’ದಿಂದಲೇ ನನ್ನ ಕಷ್ಟಗಳೆಲ್ಲ ಆರಂಭವಾದವು. ಬೋರ್ಡು ನೋಡಿದವರೆಲ್ಲ ಟೈಪು ಗೊತ್ತಿದ್ದವನಿಗೆ ಕಂಪ್ಯೂಟರು ಗೊತ್ತು, ಕಂಪ್ಯೂಟರು ಗೊತ್ತಿದ್ದವನಿಗೆ ಅದರೊಳಗಿನ ಲೋಕವೆಲ್ಲ ಗೊತ್ತು ಎಂದು ನಂಬಿದರು. ನಾನು ಅಲ್ಲಗಳೆಯಲಿಲ್ಲ.

ನಾನು ‘ಗೊರಬು ಜನಪದ ಬಳಗ’ದ ಸದಸ್ಯ; ಗೊರಬು ಎಂದರೆ ನಮ್ಮ ಕಡೆ ನಾಟಿಯವರು ಮಳೆಗೆ ಹೊದೆಯುವ ಎಲೆಯ ಹೊದಿಕೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನ ಹದಿಮೂರು ಜನ ಸೇರಿ, ಯಾರಿಂದಲೂ ಏನನ್ನೂ ಬಯಸದೆ ಹಾಡಿಕೊಂಡಿರುವ ಗುಂಪು. ಸೋಬಾನೆ, ನಾಟಿಯ ಪದ, ಕೋಲಾಟದ ಪದ ಎಲ್ಲವನ್ನೂ ಹಾಡುತ್ತೇವೆ. ಆದರೆ ಬಳಗದ ಜೀವ ಇರುವುದು ದೀಪಾವಳಿಯ ಅಂಟಿಗೆ ಪಂಟಿಗೆಯಲ್ಲಿ. ದೇವಸ್ಥಾನದಲ್ಲಿ ಹಚ್ಚಿದ ದೀಪ ಹಿಡಿದು ಮನೆ ಮನೆಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಸುವ ಹಾಡು ಹಾಡುತ್ತೇವೆ. ಮನೆಯವರು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ಹಣತೆ ಹಚ್ಚಿಕೊಂಡು ಒಳಗೆ ಒಯ್ಯುತ್ತಾರೆ. ಎಣ್ಣೆ ಎರೆಯದೆ ದೀಪವನ್ನು ಕಳಿಸುವ ಮನೆಯಿಲ್ಲ, ಎಣ್ಣೆ ಬೀಳದೆ ಬಾಗಿಲು ಬಿಟ್ಟು ಹೊರಡುವ ದೀಪವೂ ಇಲ್ಲ. ಮೂರು ದಿನ ಮುಗಿಯಿತೆಂದರೆ ಆ ಹಾಡು ಮತ್ತೆ ಬಾಯಿಗೆ ಬರುವುದು ಮುಂದಿನ ವರ್ಷವೇ. ಇದನ್ನೆಲ್ಲ ನಮಗೆ ಕಲಿಸಿದವರು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ದೇವಪ್ಪಣ್ಣ. ಅವರ ಅಜ್ಜ ದೀಪ ಎತ್ತಿದವರು, ಅಪ್ಪ ಎತ್ತಿದವರು, ಈಗ ಅವರು. ಅಷ್ಟೂ ಹಾಡು ಬಾಯಿಪಾಠವಾಗಿರುವುದು ಅವರೊಬ್ಬರಿಗೇ. ನನಗೆ ಶ್ರುತಿಯ ಜ್ಞಾನ ಕಡಿಮೆಯಾದ್ದರಿಂದ ಎಣ್ಣೆ ತಂಬಿಗೆ ಹಿಡಿದುಕೊಳ್ಳುವ ಕೆಲಸ ಕೊಟ್ಟಿದ್ದರು. ದೀಪದ ಬಟ್ಟಲು ತುಂಬಿ ಮಿಕ್ಕ ಎಣ್ಣೆ ನನ್ನ ತಂಬಿಗೆಗೆ ಬೀಳಬೇಕು. ಹೀಗಿರುವಾಗ ಬಳಗದಲ್ಲಿ ಯಾರು ಮರೆತರೂ ಎಣ್ಣೆಯ ಸಂಗತಿಯನ್ನು ನಾನು ಮರೆಯಬಾರದಿತ್ತು.

ಬಳಗದ ಕಾರ್ಯದರ್ಶಿ ಎನ್.ಆರ್.ಪುರದ ಜವಳಿ ಅಂಗಡಿಯ ಕಲ್ಲೇಶಪ್ಪನವರು. ಸೀರೆ ಮಾರಿ ಅಭ್ಯಾಸವಾದ ಅವರಿಗೆ ಯಾವುದನ್ನೂ ಮಡಿಸಿ ಕಪಾಟಿನಲ್ಲಿ ಇಟ್ಟಿರುವುದು ಸಹಿಸದು, ಬಿಡಿಸಿ ನಾಲ್ಕು ಜನಕ್ಕೆ ತೋರಿಸಬೇಕು. ಒಂದು ಸಭೆಯಲ್ಲಿ, ‘ಈಗೆಲ್ಲ ವೆಬ್‌ಸೈಟ್ ಇಲ್ದಿದ್ರೆ ಯಾರೂ ಕಣ್ಣೆತ್ತಿ ನೋಡಲ್ಲ. ನಮ್ ಟೈಪ್ ಮೇಷ್ಟ್ರು ಇದಾರಲ್ಲ, ಮಾಡ್ತಾರೆ’ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ವೆಬ್‌ಸೈಟನ್ನು ಹೇಗೆ ಮಾಡುತ್ತಾರೆಂಬುದು ಹಾಗಿರಲಿ, ಎಲ್ಲಿಂದ ತರುತ್ತಾರೆಂಬುದೂ ನನಗೆ ಗೊತ್ತಿರಲಿಲ್ಲ. ‘ಅದೇನು ಮಹಾ’ ಎಂದೆ.

ಎರಡು ತಿಂಗಳು ಪುಸ್ತಕ ಓದಿ, ಕಣ್ಣು ಕೆಂಪು ಮಾಡಿಕೊಂಡು, ಹೆಂಡತಿ ಸರೋಜಳ ಜೊತೆ ಮೂರು ಸಲ ಜಗಳವಾಡಿ ಅಂತೂ ಒಂದನ್ನು ನಿಲ್ಲಿಸಿದೆ. ಪುಕ್ಕಟೆ ಜಾಗ ಕೊಡುವ ಕಡೆ ಹಾಕಿದ್ದರಿಂದ ಮೇಲ್ಗಡೆ ಯಾವುದೋ ದೇಶದ ಕಾರಿನ ಜಾಹೀರಾತು ಬರುತ್ತಿತ್ತು. ಅದರ ಕೆಳಗೆ ನಮ್ಮ ಬಳಗ. ಬಳಗದ ಹೆಸರು ಬಲದಿಂದ ಎಡಕ್ಕೆ ಓಡುತ್ತಿತ್ತು. ಎರಡು ಕಡೆ ಎರಡು ದೀಪ ಮಿಣಮಿಣ ಉರಿಯುತ್ತಿದ್ದವು. ಒಂದು ‘ಅತಿಥಿ ಪುಸ್ತಕ’ವಿತ್ತು, ಬಂದವರು ತಮ್ಮ ಅಭಿಪ್ರಾಯ ಬರೆಯಲಿ ಎಂದು. ಎಲ್ಲಕ್ಕಿಂತ ಕೆಳಗೆ ಎಷ್ಟು ಜನ ಬಂದರೆಂದು ತೋರಿಸುವ ಎಣಿಕೆಯ ಪಟ್ಟಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ, ಪುಟ ತೆರೆದ ಕೂಡಲೇ ಹಾಡು ತಾನಾಗಿ ಮೊಳಗುವಂತೆ ಮಾಡುವ ಉಪಾಯ ಹೇಳಿತ್ತು. ನನ್ನ ಹತ್ತಿರ, ಹೊಸಬರು ಕಲಿಯಲಿ ಎಂದು ಹಿಂದಿನ ದೀಪಾವಳಿಯಲ್ಲಿ ತುಂಬಿಸಿಟ್ಟುಕೊಂಡ ಕ್ಯಾಸೆಟ್ಟಿತ್ತು. ವೆಬ್‌ಸೈಟಿನ ಬಾಗಿಲಿಗೆ ಬಾಗಿಲು ತೆಗೆಸುವ ಹಾಡಿಗಿಂತ ಯೋಗ್ಯವಾದದ್ದು ಯಾವುದಿದೆ? ಹಾಕಿದೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಡುವಂತೆಯೂ ಮಾಡಿದೆ. ಆ ದಿನ ನನ್ನ ಬುದ್ಧಿವಂತಿಕೆಗೆ ನಾನೇ ಎರಡು ಲೋಟ ಕಾಫಿ ಕುಡಿದೆ.

ಆಮೇಲೆ ನನಗೆ ಎಣಿಕೆಯ ಹುಚ್ಚು ಹಿಡಿಯಿತು. ಬೆಳಿಗ್ಗೆ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಫೋನಿನ ಲೈನು ಕೀರಲು ದನಿ ತೆಗೆದು ಇಂಟರ್‌ನೆಟ್ಟಿನ ಒಳಹೊಕ್ಕಿತೆಂದರೆ ಮೊದಲು ನೋಡುತ್ತಿದ್ದುದು ಎಷ್ಟು ಜನ ಬಂದಿದ್ದಾರೆಂದು. ನಾನು ನೋಡಿದಾಗಲೆಲ್ಲ ಅದು ಒಂದು ಏರುತ್ತಿತ್ತು. ಮಧ್ಯಾಹ್ನ ಇನ್ನೊಂದು ಕಂಪ್ಯೂಟರಿನಲ್ಲಿ ನೋಡುತ್ತಿದ್ದೆ, ಅಲ್ಲಿಯೂ ಒಂದು ಏರುತ್ತಿತ್ತು. ಹುಡುಗರಿಗೆ ಇಂಟರ್‌ನೆಟ್ಟಿನ ಮೊದಲ ಪಾಠವೆಂದು ನಮ್ಮ ಸೈಟನ್ನೇ ತೆರೆಸುತ್ತಿದ್ದೆ. ಅತಿಥಿ ಪುಸ್ತಕ ಮಾತ್ರ ಖಾಲಿ ಹೊಡೆಯುತ್ತಿತ್ತು. ಒಂದು ಬರಹ ಸರೋಜಳ ತಮ್ಮನದು, ಅದೂ ಅವನ ಅಕ್ಕ ನನ್ನ ಇನ್‌ಸ್ಟಿಟ್ಯೂಟಿಗೇ ಕರೆಸಿ ಬರೆಸಿದ್ದು. ಇನ್ನೊಂದು ತೂಕ ಇಳಿಸುವ ಪುಡಿಯ ಜಾಹೀರಾತು. ಮೂರನೆಯದು: ‘ಮಲೆನಾಡಿನ ಈ ಅಮೃತಧಾರೆಯನ್ನು ಕೇಳಿ ಕಣ್ಣು ತೇವವಾಯಿತು. ವೆಬ್‌ಸೈಟ್ ರಚಿಸಿದವರಿಗೆ ವಿಶೇಷ ಅಭಿನಂದನೆ. ಇಂತಿ, ಒಬ್ಬ ರಸಿಕ, ಮೈಸೂರು.’ ಈ ಮೂರನೆಯದನ್ನು ಬರೆದವನು ನಾನು. ಒಂದು ಮಂಗಳವಾರ ಮನಸ್ಸಿಗೆ ತುಂಬ ಬೇಸರವಾಗಿತ್ತು, ಬರೆದುಬಿಟ್ಟೆ.

ಕಲ್ಲೇಶಪ್ಪನವರು ನನ್ನಲ್ಲಿಗೆ ಬಂದು ಅದನ್ನು ಓದಿ ಕುಣಿದಾಡಿದರು. ವರ್ಷ ತುಂಬುವ ಹೊತ್ತಿಗೆ ಅವರು ಮಾಡಿಸಿದ ಕರಪತ್ರದಲ್ಲಿ ಎರಡು ಸಾಲು ದಪ್ಪ ಅಕ್ಷರದಲ್ಲಿದ್ದವು: ‘ಸಾವಿರದ ಮುನ್ನೂರು ಮನೆಗಳನ್ನು ತಲುಪಿದ ಹಾಡು’ ಎಂಬುದೊಂದು, ಮೈಸೂರಿನ ರಸಿಕರ ಕಣ್ಣು ತೇವವಾದದ್ದು ಇನ್ನೊಂದು. ಕರಪತ್ರವನ್ನು ಕೈಯಲ್ಲಿ ಹಿಡಿದಾಗ ನನಗೂ ಒಂದು ಕ್ಷಣ ಮೈಸೂರಿನಲ್ಲಿ ಅಂಥವರೊಬ್ಬರು ಇದ್ದಾರೆ ಎಂದೇ ಅನಿಸಿತು.

ನವರಾತ್ರಿ ಕಳೆದ ವಾರ, ಒಂದು ಗುರುವಾರ, ದೇವಪ್ಪಣ್ಣ ಏನೋ ಅರ್ಜಿಗೆ ಫೋಟೋ ತೆಗೆಸಲೆಂದು ಕೊಪ್ಪಕ್ಕೆ ಬಂದರು. ಬಳಗದ ಹೆಸರು ‘ಕಂಪ್ಯೂಟರಿಗೆ ಬಂದಿದೆ’ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಅದು ಹಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸ್ಟುಡಿಯೋದವನು ಅಭಿಮಾನದಿಂದ, ‘ನಿಮ್ದೇ ಹಾಡು ಕೇಳಿ ದೇವಪ್ಪಣ್ಣ’ ಎಂದು ಸೈಟು ತೆರೆದ. ಹಾಡು ಶುರುವಾಯಿತು. ದೇವಪ್ಪಣ್ಣ ಕೂತಲ್ಲಿಂದ ಎದ್ದು, ಚಪ್ಪಲಿ ಬಿಟ್ಟು, ಕೈಮುಗಿದು ನಿಂತರಂತೆ. ಹಾಡು ಮುಗಿಯಿತು, ಮತ್ತೆ ಶುರುವಾಯಿತು. ಎಣ್ಣೆ ಬೀಳದೆ ದೀಪ ಹೊರಡುವಂತಿಲ್ಲ, ದೀಪ ಹೊರಡದೆ ಅವರು ಕೂರುವಂತಿಲ್ಲ. ಕರೆಂಟು ಹೋಗುವವರೆಗೂ ಆ ಮನುಷ್ಯ ನಿಂತೇ ಇದ್ದರಂತೆ, ಸುಮಾರು ಅರ್ಧ ಗಂಟೆ. ಸ್ಟುಡಿಯೋದವನು ಇದನ್ನು ಹೇಳುವಾಗ ನಗುತ್ತಿದ್ದ. ನನಗೆ ನಗು ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ದೇವಪ್ಪಣ್ಣ ನನ್ನನ್ನು ಕಂಡು ಹೋಗಿಯಾಗಿತ್ತು.

ಮೆಟ್ಟಿಲು ಹತ್ತಿ ಬಂದವರು ಮೆಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಕೋಪ ಮಾಡಿಕೊಳ್ಳುವ ಜಾತಿಯವರಲ್ಲ ಅವರು. ಅದೇ ಕಷ್ಟ.

‘ಮೇಷ್ಟ್ರೆ, ಆ ಹಾಡು ಈಗ್ಲೂ ಹಾಡ್ತಾ ಇದ್ಯಾ?’

‘ಯಾರಾದ್ರೂ ತೆಗೆದ್ರೆ ಹಾಡ್ತದೆ ದೇವಪ್ಪಣ್ಣ.’

‘ಯಾವಾಗ ತೆಗೆದ್ರೂ?’

‘ಯಾವಾಗ ತೆಗೆದ್ರೂ.’

‘ಆಷಾಢದಲ್ಲೂ ಹಾಡಿತಾ?’

ನಾನು ಪಕ್ಕದ ಮೆಷೀನಿನ ರಿಬ್ಬನ್ ಸರಿಮಾಡತೊಡಗಿದೆ.

‘ಎಷ್ಟು ಮನೆಗೆ ಹೋಗಿದೆ ಅದು?’

ಇಲ್ಲಿ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಎಣಿಕೆ ಕೇಳಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ‘ಸಾವಿರದ ಮುನ್ನೂರ ನಲವತ್ತೊಂದು’ ಎಂದೆ. ಹೇಳುವಾಗ ದನಿಯಲ್ಲಿ ತುಸು ಜಂಬವೂ ಇದ್ದಿರಬೇಕು.

ದೇವಪ್ಪಣ್ಣ ಕೈಯಲ್ಲಿದ್ದ ಟವೆಲನ್ನು ಮಡಿಸಿದರು, ಬಿಡಿಸಿದರು. ‘ಅಷ್ಟು ಬಾಗಿಲಲ್ಲಿ ನಿಂತು ಹಾಡಿದೆ. ಎಣ್ಣೆ ಯಾರು ಎರೆದ್ರು ಮಾರಾಯ್ರೆ?’ ಎಂದರು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ‘ನಮ್ಮಪ್ಪ ಒಂದು ಮನೆ ಬಾಗಿಲು ತೆಗೀಲಿಲ್ಲ ಅಂತ ಬೆಳಗಿನವರೆಗೆ ನಿಂತಿದ್ರು. ಬಿಟ್ಟು ಹೋಗ್ಲಿಲ್ಲ. ನಾನು ಸಾವಿರ ಮನೆ ಬಿಟ್ಟು ಬಂದ ಹಾಗಾಯ್ತಲ್ಲ. ಇನ್ನು ಯಾವ ಮುಖದಲ್ಲಿ ದೀಪ ಎತ್ತೂದು? ಭಾನುವಾರ ಎನ್.ಆರ್.ಪುರದಲ್ಲಿ ಸಭೆ ಅಲ್ವಾ, ಅಲ್ಲೇ ಹೇಳ್ತೇನೆ’ ಎಂದು ಎದ್ದು ಹೋದರು. ದೇವಪ್ಪಣ್ಣ ದೀಪ ಎತ್ತದಿದ್ದರೆ ಬಳಗವಿಲ್ಲ, ನಮ್ಮ ಕಡೆ ಆ ಹಾಡೂ ಇಲ್ಲ. ಮೂರು ತಲೆಮಾರಿನಿಂದ ಆರದ ದೀಪವನ್ನು, ಹಾಡಲು ಬಾರದ, ತಂಬಿಗೆ ಹಿಡಿಯುವ ನಾನೊಬ್ಬ ಊದಿ ಆರಿಸಿದಂತಾಯಿತು.

ಮೊದಲು ಹಾಡು ನಿಲ್ಲಿಸಬೇಕಿತ್ತು. ಅಂದು ಸಂಜೆಯಿಂದಲೇ ನನ್ನ ಫೋನಿನ ಲೈನು ಸತ್ತಿತ್ತು. ಶುಕ್ರವಾರವೂ ಜೀವ ಬರಲಿಲ್ಲ. ಇಲ್ಲಿ ನಾನು ಕೈಕಟ್ಟಿ ಕೂತಿದ್ದರೆ, ಅಲ್ಲಿ ಆ ದರಿದ್ರ ಪುಟ ಯಾರ ಮನೆಯಲ್ಲಿ ತೆರೆದುಕೊಂಡು ಹಾಡುತ್ತಿದೆಯೋ ಎಂದು ಅನ್ನ ಸೇರಲಿಲ್ಲ. ‘ರೀ, ಇಷ್ಟು ದಿನ ಯಾರೂ ನೋಡಲ್ಲ ಅಂತ ಕೊರಗ್ತಿದ್ರಿ. ಈಗ ಯಾರಾದ್ರೂ ನೋಡ್ತಾರೇನೋ ಅಂತ ಕೊರಗ್ತೀರಿ’ ಎಂದಳು ಸರೋಜ. ಇಂಥ ಹೊತ್ತಿನಲ್ಲಿ ಅವಳ ಮಾತು ಸರಿಯಾಗಿರುವುದು ನನಗೆ ಹಿಡಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಶೃಂಗೇರಿಗೆ ಹೋದೆ. ಅಲ್ಲಿ ಪಕ್ಕದ ಮೆಣಸೆ ಊರಿನ ವಿನುತಾ ಎಂಬವರು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದರು. ಮೊದಲು ಸೈಟು ತೆರೆದು ನೋಡಿದೆ. ಹಾಡು ಮೊಳಗಿತು. ಪಕ್ಕದಲ್ಲಿ ರಿಸಲ್ಟ್ ನೋಡುತ್ತಿದ್ದ ಹುಡುಗಿಯರು ಕಿಸಕ್ಕೆಂದರು. ಇನ್ನು ಒಳಹೋಗಲು ಪಾಸ್‌ವರ್ಡ್ ಹಾಕಬೇಕು. ಆಗ ಗೊತ್ತಾಯಿತು, ಪಾಸ್‌ವರ್ಡ್ ನನಗೆ ನೆನಪಿಲ್ಲ. ವರ್ಷವಿಡೀ ಅದನ್ನು ಹಾಕುತ್ತಿದ್ದದ್ದು ನನ್ನ ಬೆರಳುಗಳು. ಮೆಷೀನಿನಲ್ಲಿ ಕಲಿಸುವ ಯಾವುದೋ ಪಾಠದ ಅಕ್ಷರಗಳವು, ತಲೆಗೆ ಅದರ ಸುದ್ದಿಯೇ ಇರಲಿಲ್ಲ. ಕೀಗಳನ್ನು ನೋಡುತ್ತ ಯೋಚಿಸಿ ಹೊಡೆದೆ. ತಪ್ಪು ಎಂದಿತು. ಇನ್ನೊಮ್ಮೆ ಹೊಡೆದೆ. ತಪ್ಪು, ಇನ್ನು ಒಂದೇ ಅವಕಾಶ ಎಂದಿತು. ಹಾಡು ಮಾತ್ರ ಬಾಗಿಲು ತೆಗೆಯಿರೆಂದು ಕೇಳುತ್ತಲೇ ಇತ್ತು.

‘ಸರ್, ಬರೆದಿಟ್ಟುಕೊಂಡಿಲ್ವಾ?’ ಎಂದರು ವಿನುತಾ.

‘ಟೈಪಿಂಗ್ ಕಲಿಸುವವನು ನಾನು, ಬರೆಯೂದು ಯಾಕೆ’ ಎಂದೆ. ಆ ಹೊತ್ತಿನಲ್ಲೂ ಬಿಡಲಿಲ್ಲ ನೋಡಿ. ಕೊನೆಗೆ, ಇಪ್ಪತ್ತು ವರ್ಷದಿಂದ ನೂರಾರು ಮಕ್ಕಳಿಗೆ ‘ಕೀ ನೋಡಬೇಡಿ’ ಎಂದು ಬೈದದ್ದು ನೆನಪಾಗಿ, ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಬೆರಳುಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಬಾಗಿಲು ತೆರೆಯಿತು. ಹಾಡಿನ ಫೈಲನ್ನು ಕೂಡಲೇ ಅಳಿಸಿದೆ. ಮತ್ತೆ ಸೈಟು ತೆರೆದರೆ ಅದು ಮೊದಲಿಗಿಂತ ಗಟ್ಟಿಯಾಗಿ ಹಾಡಿತು.

ನನ್ನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಳಿಸಿದ ಮೇಲೂ ಹಾಡುತ್ತದೆಂದರೆ ದೇವಪ್ಪಣ್ಣ ಹೇಳಿದಂತೆ ಎಣ್ಣೆಗೇ ಕಾದು ನಿಂತಿದೆ ಎಂದುಕೊಂಡೆ. ವಿನುತಾ ಸಮಾಧಾನದಿಂದ, ‘ಈ ಕಂಪ್ಯೂಟರ್ ಹಳೇದನ್ನ ನೆನಪಿಟ್ಟುಕೊಂಡಿರ್ತದೆ ಸರ್, ಗಾಬರಿ ಬೇಡ’ ಎಂದು ಏನೋ ಅಳಿಸಿ, ಇನ್ನೊಂದರಲ್ಲಿ ತೆರೆದು ತೋರಿಸಿದರು. ಎರಡು ದೀಪ ಮಿಣುಕುತ್ತಿದ್ದವು, ಸದ್ದಿಲ್ಲ. ಅವರು ಕೆಳಗಿನ ಎಣಿಕೆ ನೋಡಿ, ‘ಅಬ್ಬ, ಇಷ್ಟು ಜನ ನೋಡ್ತಾರಾ? ನಮ್ಮಲ್ಲಿ ಒಬ್ಬರೂ ತೆಗೆದದ್ದು ನಾ ಕಾಣೆ’ ಎಂದರು. ಚಿಲ್ಲರೆ ತೆಗೆದುಕೊಳ್ಳದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮಾತು ಚುಚ್ಚುತ್ತಿತ್ತು.

ಭಾನುವಾರ ಕಲ್ಲೇಶಪ್ಪನವರ ಅಂಗಡಿಯ ಮಹಡಿಯಲ್ಲಿ ಹದಿಮೂರೂ ಜನ ಸೇರಿದೆವು. ಹೊಸ ಸೀರೆಗಳ ಗಂಜಿಯ ವಾಸನೆ, ಮಧ್ಯದಲ್ಲಿ ಕರಪತ್ರದ ಕಟ್ಟು. ಹಾಡನ್ನು ತೆಗೆದಾಯಿತು ಎಂದು ನಾನು ವರದಿ ಒಪ್ಪಿಸಿದೆ. ‘ಸರಿ’ ಎಂದರು ದೇವಪ್ಪಣ್ಣ. ‘ನಿಂತದ್ದು ಒಳ್ಳೇದಾಯ್ತು. ಆದ್ರೆ ಹೋಗಿ ಬಂದ ಬಾಗಿಲುಗಳ ಗತಿ ಎಂತ? ಯಾರ ಮನೆ, ಯಾವ ಊರು ಒಂದೂ ಗೊತ್ತಿಲ್ಲ. ಹೋಗಿ ಎಣ್ಣೆ ಕೇಳೂ ಹಾಗಿಲ್ಲ. ಈ ವರ್ಷ ನನ್ನ ಕೈಲಿ ಆಗೂದಿಲ್ಲ. ಬೇಜಾರು ಮಾಡ್ಕೊಬೇಡಿ.’

ಕಲ್ಲೇಶಪ್ಪನವರು, ‘ಪ್ರಾಯಶ್ಚಿತ್ತ ಏನಾದ್ರೂ ಮಾಡೋಣ’ ಎಂದದ್ದಕ್ಕೆ, ‘ಎಷ್ಟು ಮನೆಗೆ ಅಂತ ಮಾಡ್ತೀರಿ’ ಎಂದರು ದೇವಪ್ಪಣ್ಣ. ಆ ಸಾವಿರ ಬಾಗಿಲುಗಳು ಯಾರವೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ, ಬಿಡದಿದ್ದರೆ ದೀಪ ಹೋಗುತ್ತದೆ. ಇಷ್ಟು ಸುಲಭದ ಲೆಕ್ಕಕ್ಕೆ ನಾನು ಎರಡು ಲೋಟ ನೀರು ಕುಡಿಯುವಷ್ಟು ಹೊತ್ತು ತೆಗೆದುಕೊಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ.

‘ದೇವಪ್ಪಣ್ಣ, ಅದು ಬೇರೆಯವರ ಮನೆ ಅಲ್ಲ’ ಎಂದೆ. ‘ನಾನೇ ತೆಗೆದು ನೋಡಿದ್ದು. ದಿನಕ್ಕೆ ಮೂರು ಸಲ, ನಾಲ್ಕು ಸಲ. ಎಷ್ಟು ಜನ ಬಂದಿದಾರೆ ಅಂತ ನೋಡೂದು, ನೋಡಿದ್ರೆ ಒಂದು ಜಾಸ್ತಿ ಆಗ್ತದೆ.’

‘ಅಷ್ಟೂ ನೀವೇ?’

‘ಹೆಚ್ಚುಕಮ್ಮಿ ನಾನೇ. ಹುಡುಗರು ತೆಗೆದದ್ದೂ ನನ್ನ ಇನ್‌ಸ್ಟಿಟ್ಯೂಟಲ್ಲೇ. ಸ್ಟುಡಿಯೋದಲ್ಲಿ ನೀವು ಒಂದ್ಸಲ ಕೇಳಿದ್ದು ಬಿಟ್ರೆ.’

ಕಲ್ಲೇಶಪ್ಪನವರು ಕರಪತ್ರದ ಕಟ್ಟಿನ ಮೇಲೆ ಕೈಯಿಟ್ಟು, ‘ಐನೂರು ಹೊಡೆಸಿದೀನಲ್ಲ ಮಾರಾಯ’ ಎಂದು ಮೆಲ್ಲಗೆ ಅಂದರು. ನಾನು ನೆಲ ನೋಡುತ್ತಿದ್ದೆ. ಬೈಗುಳ ಬರುತ್ತದೆಂದು ಕಾದರೆ ಬಂದದ್ದು ದೇವಪ್ಪಣ್ಣನ ಉಸಿರು, ಮೂರು ದಿನದಿಂದ ಹಿಡಿದಿಟ್ಟುಕೊಂಡದ್ದನ್ನು ಬಿಟ್ಟ ಹಾಗೆ. ‘ಹಾಗಾದ್ರೆ ಒಂದೇ ಮನೆ’ ಎಂದರು. ಅವರ ಮುಖ ಅರಳಿತು. ‘ಒಂದೇ ಬಾಗಿಲಿಗೆ ಅಷ್ಟು ಸಲ ಹೋಗಿದೆ ಅಷ್ಟೆ. ಸ್ಟುಡಿಯೋದವ್ನು ಕೊಪ್ಪದವನೇ, ಅವನ ಪಾಲಿನ ಎಣ್ಣೆ ನಾ ಇಸ್ಕೊಳ್ತೇನೆ. ನಿಮ್ಮ ಮನೆಯಿಂದ್ಲೇ ಶುರು ಮಾಡುವ. ಎಣ್ಣೆ ಮಾತ್ರ ಸ್ವಲ್ಪ ಜೋರಾಗಿ ಎರೀಬೇಕು.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಮರ್ಯಾದೆ ಹೋಗಿದ್ದು ಅಷ್ಟೇನೂ ನೋಯಲಿಲ್ಲ, ಬಹುಶಃ ಅದು ಮೊದಲೇ ಹೋಗಿದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೇವಪ್ಪಣ್ಣ ಕರಪತ್ರವೊಂದನ್ನು ಎತ್ತಿಕೊಂಡು ದೂರ ಹಿಡಿದು ಓದಿದರು. ‘ಮೇಷ್ಟ್ರೆ, ಈ ಮೈಸೂರಿನವ್ರು? ಇವ್ರೂ ಕೇಳಿದಾರಲ್ಲ. ಕಣ್ಣಲ್ಲಿ ನೀರು ಬಂತು ಅಂತ ಬರೆದಿದಾರೆ, ಪುಣ್ಯಾತ್ಮರು. ಅವ್ರ ಮನೆಯ ಎಣ್ಣೆ?’

ಇದನ್ನೂ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆದರೆ ಮನುಷ್ಯನಿಗೆ ಒಂದು ದಿನಕ್ಕೆ ಇಷ್ಟೇ ಎಂದು ಧೈರ್ಯವಿರುತ್ತದೆ, ನನ್ನದು ಮುಗಿದಿತ್ತು. ‘ಅವರು ನನಗೆ ಪರಿಚಯ’ ಎಂದೆ. ಅದೇನೂ ಸುಳ್ಳಲ್ಲ. ‘ಅವರ ಪಾಲಿಂದನ್ನು ನಾನೇ ಎರೀತೇನೆ.’

ಆ ವರ್ಷ ದೀಪ ಎದ್ದಿತು. ಹಣತೆ ಹಚ್ಚುವ ಹೊತ್ತಿಗೆ ನಮ್ಮ ಮನೆಯ ಬಾಗಿಲಲ್ಲೇ ಮೊದಲ ಹಾಡು. ನಾನು ತಂಬಿಗೆಯನ್ನು ಬೇರೊಬ್ಬರಿಗೆ ಕೊಟ್ಟು ಒಳಗೆ, ಮುಚ್ಚಿದ ಬಾಗಿಲ ಹಿಂದೆ ನಿಂತಿದ್ದೆ. ವರ್ಷವಿಡೀ ಕೇಳಿದ ಹಾಡು ಅದು, ಆದರೆ ಅಂದು ಕೇಳಿದ್ದು ಮೊದಲ ಸಲ. ಕಣ್ಣು ತೇವವಾಯಿತು. ಬಾಗಿಲು ತೆಗೆದು ಸರೋಜ ನಮ್ಮ ಮನೆಯ ಪಾಲನ್ನು ಎರೆದಳು, ಧಾರಾಳವಾಗಿಯೇ. ಆಮೇಲೆ ಇನ್ನೊಂದು ಸೌಟು ತುಂಬಿ ನನ್ನ ಕೈಗಿಟ್ಟು, ‘ಇದು ಮೈಸೂರಿಂದು’ ಎಂದಳು. ಅವಳಿಗೆ ನಾನು ಹೇಳಿರಲಿಲ್ಲ. ಎರೆದೆ. ಅಂದಿನಿಂದ ಪ್ರತಿ ವರ್ಷವೂ ಎರೆಯುತ್ತಿದ್ದೇನೆ. ಹೊರಡುವಾಗ ದೇವಪ್ಪಣ್ಣ ತಪ್ಪದೆ, ‘ಆ ಮೈಸೂರಿನವ್ರಿಗೆ ನಮ್ಮ ನಮಸ್ಕಾರ ತಿಳಿಸಿ’ ಎನ್ನುತ್ತಾರೆ. ತಿಳಿಸುತ್ತೇನೆ. ಅವನಿಗೆ ಪ್ರತಿ ಸಲವೂ ತುಂಬ ನಾಚಿಕೆಯಾಗುತ್ತದೆ.